ಮೂರನೇ ಪಂಜರದ ಎಂಟು ಇಲಿಗಳು

ಗದಗ
ಕ್ರಿ.ಶ. 2219, ಸುಡುಮಾಸದ ಮೂವತ್ತೆರಡನೇ ದಿನ

ಎಲಿಸಾ ಪ್ಲೇಟಿನ ಮುಂದೆ ಕುಳಿತು ಕೆಲಸ ಮಾಡುವ ನಿಮಗೆ ಮಹಾನಂದಾ ಬೆಟಗೇರಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ಚೇಷ್ಟೆ ಮಾಡಿದ್ದಾರೆಂದು ಈ ಕಾಗದವನ್ನು ಬದಿಗಿಡಬೇಡಿ. ನಮ್ಮ ಪಂಚಾಂಗ ಬದಲಾಗಿ ಅರವತ್ತು ವರ್ಷಗಳಾದವು. ಹೊರಗೆ ಕೆಲಸ ಮಾಡಲಾಗದಷ್ಟು ಬಿಸಿಲಿರುವ ದಿನಗಳನ್ನೆಲ್ಲ ಸೇರಿಸಿ ಒಂದೇ ತಿಂಗಳು ಎನ್ನುತ್ತೇವೆ. ಈ ವರ್ಷ ಸುಡುಮಾಸಕ್ಕೆ ನಲವತ್ತೊಂದು ದಿನ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಪ್ರಯೋಗಶಾಲೆಯ ಹಳೆಯ ಕೈಪಿಡಿಗಳಿಂದ. ಹಾಗಾಗಿ ವಾಕ್ಯಗಳು ಸ್ವಲ್ಪ ಒಣಗಿದ ಹಾಗೆ ಇದ್ದರೂ ಇರಬಹುದು. ನಮ್ಮಲ್ಲಿ ಹಿಂದೋಲೆ ಕಚೇರಿ ಎಂಬುದೊಂದಿದೆ. ಒಂದೊಂದು ಕಸುಬಿನವರಿಗೆ ಹತ್ತು ವರ್ಷಕ್ಕೊಮ್ಮೆ, ಹಿಂದಿನ ಕಾಲದಲ್ಲಿ ಅದೇ ಕಸುಬು ಮಾಡುತ್ತಿದ್ದವರಿಗೆ ಒಂದು ಕಾಗದ ಬರೆಯಲು ಅದು ಅನುಮತಿ ಕೊಡುತ್ತದೆ. ಕಾಗದ ಹೇಗೆ ಹೋಗುತ್ತದೆಂದು ನಾನು ಕೇಳಿದೆ. ಅಲ್ಲಿನ ಗುಮಾಸ್ತರು, “ತಲಪ್ತದ ಅಂತ ನಾವು ಹೇಳೂದಿಲ್ರೀ, ಕಳಸ್ತೀವಿ ಅಂತ ಅಷ್ಟ ಹೇಳ್ತೀವಿ” ಎಂದರು. ಈ ಸಲ ನಮ್ಮ ಕಸುಬಿನ ಸರದಿ. ಇಡೀ ಜಿಲ್ಲೆಯಲ್ಲಿ ಈ ಕೆಲಸ ಮಾಡುವವರು ನಾವು ಮೂವರೇ. ಉಳಿದಿಬ್ಬರೂ, ನೀವೇ ಬರೆಯಿರಿ ಎಂದರು. ಯಾಕೆ ಹಾಗೆಂದರು ಎಂಬುದು ಮುಂದೆ ತಿಳಿಯುತ್ತದೆ.

ನನಗೀಗ ಅರವತ್ತೊಂದು. ನಮ್ಮ ದಿನ ನಸುಕಿನಲ್ಲಿ ಶುರುವಾಗುತ್ತದೆ. ಮನೆಯಿಂದ ಪ್ರಯೋಗಶಾಲೆಗೆ ನೆರಳುದಾರಿಯಲ್ಲಿ ನಡೆದುಹೋಗುತ್ತೇನೆ. ರಸ್ತೆಯುದ್ದಕ್ಕೂ ಕಂಬ ನೆಟ್ಟು ಮೇಲೆ ದಪ್ಪ ಬಟ್ಟೆ ಹೊದಿಸಿದ ದಾರಿಗೆ ಹಾಗೆನ್ನುತ್ತೇವೆ. ಹನ್ನೊಂದು ಗಂಟೆಗೆ ಊರೆಲ್ಲ ಬಾಗಿಲು ಹಾಕಿಕೊಳ್ಳುತ್ತದೆ. ಜೋಳದ ರೊಟ್ಟಿ ಇನ್ನೂ ಇದೆ, ಆದರೆ ಒಲೆ ಉರಿಯುವುದು ಬೆಳಗಿನ ಐದಕ್ಕೆ. ಮಧ್ಯಾಹ್ನ ತಣ್ಣನೆಯ ರೊಟ್ಟಿ, ಮೊಸರು, ಒಣಚಟ್ನಿ. ನಿಮ್ಮಲ್ಲಿದ್ದಂತೆ ಸಾವಿರಗಟ್ಟಲೆ ಪ್ರಯೋಗದ ಇಲಿಗಳು ನಮ್ಮಲ್ಲಿಲ್ಲ. ಜಿಲ್ಲೆಗೆ ವರ್ಷಕ್ಕೆ ನಲವತ್ತೇ ಇಲಿ ಎಂದು ಕಾನೂನು. ಅವುಗಳನ್ನು ಸಾಕುವವರು ‘ಜೀವಪಾಲಕರು’. ನಮ್ಮಲ್ಲಿ ಆ ಕೆಲಸ ಮೌಲಾಸಾಬ ನದಾಫರದು. ನನಗಿಂತ ಎರಡು ವರ್ಷ ದೊಡ್ಡವರು, ಮಾತು ಕಡಿಮೆ. ಪಂಜರದ ಮುಂದೆ ಮಣೆ ಹಾಕಿಕೊಂಡು ತಾಸುಗಟ್ಟಲೆ ಸುಮ್ಮನೆ ಇಲಿಗಳನ್ನು ನೋಡುತ್ತ ಕುಳಿತಿರುತ್ತಾರೆ.

ನನ್ನ ಕೆಲಸ ಆ ಇಲಿಗಳ ರಕ್ತದಲ್ಲಿ ಕರೆಸಾರವನ್ನು ಅಳೆಯುವುದು. ನೀವು ಸೈಟೊಕೈನ್ ಎನ್ನುವ ಪ್ರೋಟೀನಿಗೆ ನಾವು ಕರೆಸಾರ ಎನ್ನುತ್ತೇವೆ. ಮೈಗೆ ರೋಗ ತಗಲಿದಾಗ ಒಂದು ಜೀವಕೋಶ ಇನ್ನೊಂದನ್ನು ಕೂಗಿ ಕರೆಯುವುದು ಅದರ ಮೂಲಕ. ಕೂಗು ಹಿತಮಿತವಾಗಿದ್ದರೆ ರೋಗ ಹೋಗುತ್ತದೆ. ಮಿತಿಮೀರಿದರೆ ಮೈಯೇ ಮೈಯನ್ನು ಸುಡುತ್ತದೆ. ಅಳೆಯುವ ರೀತಿ ನಿಮ್ಮ ಕಾಲದಿಂದ ಹೆಚ್ಚೇನೂ ಬದಲಾಗಿಲ್ಲ. ನೀವು ಎಲಿಸಾ ಎನ್ನುವ ಅದೇ ತೊಂಬತ್ತಾರು ಗುಳಿಗಳ ಪ್ಲೇಟು. ಗುಳಿಯ ತಳದಲ್ಲಿ ಕರೆಸಾರವನ್ನು ಹಿಡಿಯುವ ಒಂದು ಪ್ರತಿಕಾಯ, ಮೇಲಿನಿಂದ ಬಂದು ಅದೇ ಕರೆಸಾರವನ್ನು ಹಿಡಿಯುವ, ಬಣ್ಣ ಬರಿಸುವ ಇನ್ನೊಂದು. ಎರಡೂ ಒಂದೇ ಕಣವನ್ನು ಹಿಡಿದಾಗ ಮಾತ್ರ ಹಳದಿ ಮೂಡುತ್ತದೆ. ಕರೆಸಾರ ಹೆಚ್ಚಿದ್ದಷ್ಟೂ ಹಳದಿ ಗಾಢ. ಇಪ್ಪತ್ತೆಂಟು ವರ್ಷ ನಾನು ಹಾಗೆಂದೇ ನಂಬಿ ಸಹಿ ಹಾಕಿದ್ದೆ.

ಏಳು ವರ್ಷಗಳ ಹಿಂದೆ ತುಂಗಭದ್ರೆಯ ದಂಡೆಯ ಊರುಗಳಲ್ಲಿ ಒಂದು ಜ್ವರ ಬಂತು. ಮೂರನೇ ದಿನಕ್ಕೆ ಕರೆಸಾರ ಉಕ್ಕಿ, ಐದನೇ ದಿನಕ್ಕೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆ ಉಕ್ಕನ್ನು ತಗ್ಗಿಸುವ ಹೊಸದೊಂದು ಔಷಧಿ ನಮ್ಮ ಪ್ರಯೋಗಶಾಲೆಗೆ ಪರೀಕ್ಷೆಗೆ ಬಂತು. ಜ್ವರ ತಗಲಿಸಿದ ಇಲಿಗಳು ಮೂರು ಪಂಜರಗಳಲ್ಲಿ, ಪಂಜರಕ್ಕೆ ಎಂಟು. ಮೊದಲ ಪಂಜರಕ್ಕೆ ಔಷಧಿಯಿಲ್ಲ, ಎರಡನೆಯದಕ್ಕೆ ಕಡಿಮೆ ಪ್ರಮಾಣ, ಮೂರನೆಯದಕ್ಕೆ ಹೆಚ್ಚು. ಎರಡು ದಿನದ ಮೇಲೆ ಮೌಲಾಸಾಬರು ಒಂದೊಂದು ಇಲಿಯ ಬಾಲದಿಂದ ಕೆಲವು ಹನಿ ರಕ್ತ ತೆಗೆದುಕೊಟ್ಟರು. ಸೀರಮ್ ಬೇರ್ಪಡಿಸಿ ಪ್ಲೇಟು ಹಾಕಿದೆ. ಮೊದಲ ಪಂಜರದ ಗುಳಿಗಳು ಅರಿಸಿನ ಕಲಸಿದಷ್ಟು ಹಳದಿ. ಎರಡನೆಯವು ಅದರರ್ಧ. ಮೂರನೆಯವು ಹೆಚ್ಚುಕಡಿಮೆ ನೀರಿನ ಹಾಗೆ ತಿಳಿ. ಅಂಥ ಅಚ್ಚುಕಟ್ಟಾದ ಫಲಿತಾಂಶವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ವರದಿ ಬರೆಯುತ್ತಿದ್ದಾಗ ಮೌಲಾಸಾಬರು ಬಾಗಿಲಲ್ಲಿ ಬಂದು ನಿಂತರು.

“ಅಕ್ಕಾರ, ಮೂರನೇ ಪಂಜರದ ಇಲಿ ಒಂದೂ ಗೂಡು ಕಟ್ಟಿಲ್ರೀ. ಹಾಕಿದ ಹತ್ತಿ ಹಂಗ ಬಿದ್ದೈತಿ.”

“ಅವುಗಳ ರಕ್ತ ಎಲ್ಲಾದಕ್ಕಿಂತ ಶಾಂತ ಐತಿ, ಮೌಲಾಸಾಬಣ್ಣ. ಬೇಕಾದ್ರ ಪ್ಲೇಟ್ ನೋಡ್ರಿ.”

ಅವರು ಪ್ಲೇಟಿನತ್ತ ನೋಡಲಿಲ್ಲ. “ಅದು ನಿಮಗ ಗೊತ್ತು. ಇಲಿ ನನಗ ಗೊತ್ತು. ಬೆನ್ನು ಗೂನು ಮಾಡ್ಕೊಂಡು ಮೂಲ್ಯಾಗ ಕುಂತಾವು. ಅವು ಆರಾಮ ಇಲ್ರೀ.”

“ಸೂಜಿ ಚುಚ್ಚೀವಲ್ಲ, ಒಂದೆರಡು ದಿನ ಹಂಗ ಇರ್ತಾವು” ಎಂದೆ.

ಅವರು ಹೋದರು. ವರದಿಯ ಕೊನೆಯಲ್ಲಿ ಜೀವಪಾಲಕರ ಅಭಿಪ್ರಾಯಕ್ಕೆಂದು ಒಂದು ಸಾಲು ಇರುತ್ತದೆ. ಅವರು ಅಲ್ಲಿ ಏನೋ ಬರೆದು ಕಳಿಸಿದರು. ನಾನು ಓದಲಿಲ್ಲ, ಓದಬೇಕೆಂಬ ನಿಯಮವೂ ಇರಲಿಲ್ಲ. ಹೆಚ್ಚಿನ ಪ್ರಮಾಣವೇ ಒಳ್ಳೆಯದೆಂದು ಸಹಿ ಹಾಕಿದೆ. ನಮ್ಮ ಪ್ರಯೋಗಶಾಲೆಯ ಮುಖ್ಯಸ್ಥೆ ಇರಾವತಿ ಹೊಂಬಳ ಅದರ ಕೆಳಗೆ ತಮ್ಮ ಸಹಿ ಹಾಕಿದರು. ಊರು ಬಾಗಿಲು ಹಾಕುವ ಮೊದಲೇ ಔಷಧಿ ಮುಂಡರಗಿಯ ಆಸ್ಪತ್ರೆಗೆ ಹೊರಟಿತು.

ಸಹಿ ಹಾಕಿದ ಮೂರನೇ ದಿನ ಬೆಳಿಗ್ಗೆ ಕಡತ ಜೋಡಿಸುವಾಗ ಆ ಸಾಲು ಕಣ್ಣಿಗೆ ಬಿತ್ತು. ‘ಪ್ಲೇಟಿನ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಮೌ. ನದಾಫ.’ ನನಗೆ ಸಿಟ್ಟು ಬಂತು. ಮುಂದೆ ನಾನು ಮಾಡಿದ್ದನ್ನು ಕೆಲವರು ಎಚ್ಚರಿಕೆ ಎಂದು ಹೊಗಳಿದ್ದುಂಟು, ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ: ಅವರ ತಪ್ಪನ್ನು ಅವರಿಗೆ ತೋರಿಸಿಕೊಡಲೆಂದೇ ನಾನು ಆ ಪರೀಕ್ಷೆ ಮತ್ತೆ ಮಾಡಿದೆ. ಮೂರನೇ ಪಂಜರದ ಸೀರಮ್ ಒಂದೊಂದು ಕೊಳವೆಯಲ್ಲಿ ಎಂಟು ಮೈಕ್ರೋಲೀಟರ್ ಮಾತ್ರ ಉಳಿದಿತ್ತು. ಹಾಗೇ ಹಾಕಲು ಅಷ್ಟು ಸಾಲದು. ಬೇರೆ ದಾರಿಯಿಲ್ಲದೆ ಒಂದು ಪಾಲಿಗೆ ಒಂಬತ್ತು ಪಾಲು ಉಪ್ಪುನೀರಿನ ದ್ರಾವಣ ಬೆರೆಸಿದೆ. ತಿಳಿಯಾಗಿದ್ದದ್ದು ಇನ್ನೂ ತಿಳಿಯಾಗಬೇಕು, ಅಷ್ಟೆ.

ಗುಳಿಗಳು ಹಳದಿಯಾದವು. ಮೊದಲ ಪಂಜರದ ಗುಳಿಗಳಿಗಿಂತ ಗಾಢವಾದ ಹಳದಿ, ಎಂಟಕ್ಕೆ ಎಂಟೂ. ಉಳಿದದ್ದರಲ್ಲಿ ಇನ್ನೂ ಹತ್ತು ಪಟ್ಟು ನೀರು ಬೆರೆಸಿದೆ. ಆಗಲೂ ಬಣ್ಣ ಇಳಿಯಲಿಲ್ಲ.

ಆದದ್ದು ಇಷ್ಟು. ಆ ಇಲಿಗಳಲ್ಲಿ ಕರೆಸಾರ ಎಷ್ಟು ಉಕ್ಕಿತ್ತೆಂದರೆ, ತಳದ ಪ್ರತಿಕಾಯಗಳೆಲ್ಲ ಒಂದೊಂದು ಕಣ ಹಿಡಿದು ತುಂಬಿಹೋಗಿದ್ದವು, ಬಣ್ಣದ ಪ್ರತಿಕಾಯಗಳು ನೀರಿನಲ್ಲಿ ತೇಲುತ್ತಿದ್ದ ಬೇರೆ ಕಣಗಳನ್ನು ಹಿಡಿದು ತುಂಬಿಹೋಗಿದ್ದವು. ಒಂದೇ ಕಣವನ್ನು ಎರಡೂ ಹಿಡಿಯುವ ಸಂದರ್ಭವೇ ಬರಲಿಲ್ಲ. ತೊಳೆದಾಗ ಬಣ್ಣವೆಲ್ಲ ತೊಳೆದುಹೋಯಿತು. ಅತಿ ಹೆಚ್ಚು ಇದ್ದದ್ದು ಏನೂ ಇಲ್ಲವೆಂಬಂತೆ ಕಂಡಿತು. ಔಷಧಿ ಕಡಿಮೆ ಪ್ರಮಾಣದಲ್ಲಿ ಕೂಗನ್ನು ತಗ್ಗಿಸುತ್ತಿತ್ತು, ಹೆಚ್ಚಾದರೆ ಕೋಶಗಳನ್ನೇ ಕೆರಳಿಸುತ್ತಿತ್ತು.

ಓಡಿಹೋಗಿ ಇರಾವತಿಯವರಿಗೆ ಹೇಳಿದೆ. “ಬಾಯಾರ, ಮುಂಡರಗಿಗೆ ಈಗಿಂದೀಗ ಹೇಳ್ರಿ. ಔಷಧಿ ನಿಲ್ಲಸಬೇಕು. ನನ್ನ ಸಹಿ ತಪ್ಪೈತಿ.”

ಅವರು ಯಾಕೆಂದು ಕೇಳಲಿಲ್ಲ. ಆಸ್ಪತ್ರೆಯವರೊಡನೆ ಮಾತಾಡಿ, ನನ್ನ ಕಡೆ ತಿರುಗಿ, “ಹನ್ನೊಂದು ಮಂದಿಗೆ ಕೊಟ್ಟಾರ, ಮಹಾನಂದಾ” ಎಂದರು.

ಹನ್ನೊಂದು ಮಂದಿಯಲ್ಲಿ ಏಳು ಜನ ಉಳಿದರು. ನಾಲ್ಕು ಜನ ತೀರಿಕೊಂಡರು. ಕಡಿಮೆ ಪ್ರಮಾಣದ ಔಷಧಿಯಿಂದ ಆ ವರ್ಷ ಒಂಬೈನೂರು ಜನ ಬದುಕಿದರೆಂಬುದೂ ನಿಜ. ಅದನ್ನು ಇದರ ಎದುರಿಗಿಟ್ಟು ತೂಗಲು ನನಗೆ ಬರುವುದಿಲ್ಲ. ಆ ದಿನವೇ ಮೌಲಾಸಾಬರ ಹತ್ತಿರ ಹೋದೆ. ಮೂರನೇ ಪಂಜರದಲ್ಲಿ ಆಗ ಐದು ಇಲಿಗಳು ಉಳಿದಿದ್ದವು. ಅವರು ಮಣೆಯ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟರು. ಕುಳಿತು, ಅವರ ಜೊತೆ ಇಲಿಗಳನ್ನು ನೋಡಿದೆ.

ಸಹಿ ಹಾಕಿದವರೇ ಸತ್ತವರ ಮನೆಗೆ ಹೋಗಿ ಹೇಳಬೇಕೆಂಬುದು ನಮ್ಮಲ್ಲಿನ ಪದ್ಧತಿ. ಅದಕ್ಕೆ ‘ಬಾಗಿಲಮಾತು’ ಎನ್ನುತ್ತೇವೆ. ಮುಂಡರಗಿಯಲ್ಲಿ ನಾಲ್ಕು ಬಾಗಿಲಿಗೆ ಹೋದೆ. ಮೊದಲ ಮೂರರಲ್ಲಿ ಒಬ್ಬರು ಬೈದರು, ಒಬ್ಬರು ನೀರು ಕೊಟ್ಟರು, ಒಬ್ಬರು ಒಳಗೇ ಕರೆಯಲಿಲ್ಲ. ನಾಲ್ಕನೆಯದು ಕಾಶವ್ವ ಎಂಬವರ ಮನೆ. ಅವರ ಮಗಳಿಗೆ ಹತ್ತೊಂಬತ್ತು ವರ್ಷ, ನೀರಿನ ಪಂಪು ರಿಪೇರಿ ಕಲಿಯುತ್ತಿದ್ದಳು. ಅವಳ ಸ್ಪ್ಯಾನರುಗಳು ಇನ್ನೂ ಕಟ್ಟೆಯ ಮೇಲಿದ್ದವು. ನಾನು ಗುಳಿಗಳ ವಿಷಯ, ಬಣ್ಣದ ವಿಷಯ, ಎಲ್ಲ ಹೇಳಿದೆ. ಕಾಶವ್ವ ಕೊನೆಯವರೆಗೂ ಕೇಳಿದರು.

“ಎಂಟು ಇಲಿ ಅಂದ್ರಿ, ನಾಕ ಮಂದಿ ಅಂದ್ರಿ” ಎಂದರು. “ನನ್ನ ಮಗಳ ಹೆಸರು ಬರಕೊಂಡೀರೇನು?”

“ಬರಕೊಂಡೇನ್ರೀ.”

“ಹಂಗಾರ ಓದ್ರಿ.”

ಚೀಲದಿಂದ ಕಾಗದ ತೆಗೆದು ಓದಿದೆ. ದ್ಯಾಮವ್ವ ಕಾಶವ್ವ ಹಡಪದ. ಅವರು ತಲೆಯಾಡಿಸಿ, “ಇನ್ನ ಹೋಗಿ ಬರ್ರಿ” ಎಂದರು.

ಅತಿಯಾದರೆ ಬಣ್ಣ ತೊಳೆದುಹೋಗುವ ಈ ಮೋಸ ನಿಮ್ಮ ಕಾಲದವರಿಗೂ ಗೊತ್ತಿತ್ತು. ಹಾಗಿದ್ದರೆ ನನಗೇಕೆ ಹೊಳೆಯಲಿಲ್ಲ ಎಂದು ಆಮೇಲೆ ನಡೆದ ವಿಚಾರಣೆಯಲ್ಲಿ ಕೇಳಿದರು. ಕೈಪಿಡಿ ತೆರೆದು ತೋರಿಸಿದೆ: ‘ಇಲಿಗಳಲ್ಲಿ ಈ ಕರೆಸಾರ ಆ ಮಟ್ಟಕ್ಕೆ ಏರುವುದಿಲ್ಲ, ನೀರು ಬೆರೆಸಿ ನೋಡುವ ಅಗತ್ಯವಿಲ್ಲ.’ ಆ ಸಾಲು ಎಲ್ಲಿಂದ ಬಂತೆಂದು ಹುಡುಕುತ್ತ ಹೋಗಲು ನನಗೆ ಎರಡು ವರ್ಷ ಹಿಡಿಯಿತು. ಕೈಪಿಡಿಯಿಂದ ಕೈಪಿಡಿಗೆ ದಾಟಿ ಕೊನೆಗೆ ಅದು ನಿಮ್ಮ ಕಾಲದ ಒಂದು ಲೇಖನಕ್ಕೆ ಹೋಗಿ ಮುಟ್ಟಿತು. ಅದರ ಮೊದಲ ಪುಟದಲ್ಲಿ ಹದಿನಾರು ಇಲಿಗಳು. ಕೋಷ್ಟಕದಲ್ಲಿ ಹದಿನಾಲ್ಕು. ಉಳಿದೆರಡು ಏನಾದವೆಂದು ಎಲ್ಲೂ ಇಲ್ಲ. ಆ ಕೆಲಸದ ಮೂಲ ನೋಟ್‌ಪುಸ್ತಕದ ಪ್ರತಿಯೊಂದು ಸಿಕ್ಕಿತು. ಬಿಟ್ಟುಹೋದ ಆ ಎರಡರ ಗುಳಿಗಳ ಅಳತೆ ಸೊನ್ನೆಗೆ ಹತ್ತಿರ, ನನ್ನ ಮೂರನೇ ಪಂಜರದ ಹಾಗೆಯೇ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ‘ಇಲಿಗಳು ತುಂಬ ಸುಸ್ತಾಗಿವೆ, ಅಳತೆ ಹೊಂದುತ್ತಿಲ್ಲ’ ಎಂದು ಬರೆದು, ಅದರ ಮೇಲೆ ಒಂದು ಗೆರೆ ಎಳೆದಿತ್ತು. ಬರೆದವರ ಹೆಸರಿಲ್ಲ. ಕೆಟ್ಟ ಉದ್ದೇಶವಿತ್ತೆಂದು ನನಗೆ ಅನಿಸುವುದಿಲ್ಲ. ಹೊಂದದೆ ಇದ್ದದ್ದನ್ನು ಬಿಟ್ಟಿದ್ದಾರೆ, ನಾನು ಮೌಲಾಸಾಬರ ಮಾತನ್ನು ಬಿಟ್ಟ ಹಾಗೆ.

ಆ ಬರಹ ನಿಮ್ಮದೇ ಇರಬಹುದು. ಇಲ್ಲವೇ ಆ ಪ್ಲೇಟು ಇನ್ನೂ ನಿಮ್ಮ ಮುಂದೆಯೇ ಇರಬಹುದು, ಗೆರೆ ಇನ್ನೂ ಎಳೆದಿರಲಿಕ್ಕಿಲ್ಲ. ಕಾಗದ ಯಾವ ದಿನಕ್ಕೆ ತಲುಪುತ್ತದೋ ನನಗೆ ಗೊತ್ತಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ಆ ಎರಡು ಇಲಿಗಳನ್ನು ಪಟ್ಟಿಯಲ್ಲೇ ಇರಗೊಡಿ. ಅವು ಸುಸ್ತಾಗಿದ್ದವೆಂದು ಬರೆಯಿರಿ, ಅಳತೆ ಸೊನ್ನೆ ಬಂತೆಂದೂ ಬರೆಯಿರಿ. ಯಾಕೆ ಹಾಗಾಯಿತೆಂದು ತಿಳಿಯದಿದ್ದರೆ, ತಿಳಿಯಲಿಲ್ಲ ಎಂದೇ ಬರೆದಿಡಿ. ನಾವು ಓದುತ್ತೇವೆ.

ಇಂತು,
ಮಹಾನಂದಾ ಬೆಟಗೇರಿ