ಅಪ್ಪನ ಬಡ್ಡಿಯ ಕಾಗದ

ಹಳೇಬೀಡು
೧೬-೯-೧೯೮೩

ಪ್ರೀತಿಯ ಅಣ್ಣ ಪ್ರಭಾಚಂದ್ರನಿಗೆ,

ನಿನ್ನ ಕೆಮ್ಮು ಹೇಗಿದೆ? ಮೀರಜ್‌ನಲ್ಲಿ ಬಿಸಿನೀರು ಕಾಯಿಸಿಕೊಡುವವರು ಯಾರಿದ್ದಾರೋ ಎಂದು ಅಮ್ಮ ದಿನಾ ಕೇಳುತ್ತಾಳೆ. ದಶಲಕ್ಷಣದ ಹಬ್ಬವಾದ್ದರಿಂದ ಅವಳದು ಒಪ್ಪತ್ತು ಊಟ. ಅಪ್ಪ ಹೋದ ಮೇಲೆ ಆ ಒಪ್ಪತ್ತೂ ಸೇರುತ್ತಿಲ್ಲ.

ಅಪ್ಪನ ಕೊಬ್ಬರಿ ವ್ಯಾಪಾರದ ಆದಾಯ ತೆರಿಗೆ ಲೆಕ್ಕಕ್ಕೆ ಜುಲೈಯಲ್ಲಿ ಅವರ ಬದಲು ನೀನು ಸಹಿ ಮಾಡಿ ಹೋದೆಯಲ್ಲ, ಈಗ ಅದರದೇ ಚಿಂತೆ. ಮೊನ್ನೆ ಅಪ್ಪನ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಅರಸೀಕೆರೆಗೆ ಬಸ್ಸಿನಲ್ಲಿ ಒಬ್ಬಳೇ ಹೋಗಿ, ಲೆಕ್ಕ ಬರೆಯುವ ಗಂಗಾಧರಪ್ಪನವರ ಜಗಲಿಯಲ್ಲಿ ಅವರಾಗಿಯೇ ಕರೆಯುವವರೆಗೂ ನಿಂತಿದ್ದೆ. ಅದು ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟಂತೆ. ಅಪ್ಪ ಠೇವಣಿ ಇಟ್ಟಿದ್ದು ನಮಗ್ಯಾರಿಗೂ ಗೊತ್ತಿರಲಿಲ್ಲ. "ಏನವ್ವಾ, ಬ್ಯಾಂಕಿನೋರು ಇದನ್ನ ಎತ್ತಿನ ಗಾಡೀಲಿ ಕಳಿಸಿದ್ರಾ? ಈ ಬಡ್ಡಿ ಸೇರಿಸಿ ಲೆಕ್ಕಕ್ಕೆ ತಿದ್ದುಪಡಿ ಕೊಡಬೌದು. ಕೊಡದಿದ್ರೂ ಯಾರೂ ಕೇಳಾಕಿಲ್ಲ. ಸಹಿ ನಿಮ್ಮಣ್ಣಂದು, ಅವನ್ನೇ ಕೇಳು" ಅಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಗೊತ್ತುಮಾಡಿದ ಮಿತಿಗಿಂತ ಹೆಚ್ಚು ಹಣ ಇಟ್ಟುಕೊಳ್ಳುವುದಿಲ್ಲ, ಮೀರಿದ್ದನ್ನು ದಾನ ಮಾಡುತ್ತೇನೆ ಎಂದು ಅಪ್ಪ ಬಸದಿಯಲ್ಲಿ ಮುನಿಗಳ ಮುಂದೆ ವ್ರತ ತೆಗೆದುಕೊಂಡದ್ದು ನಿನಗೂ ಗೊತ್ತು. ಈ ಠೇವಣಿ ಆ ಮಿತಿಯಿಂದ ಆಚೆಯದು. "ಹೋದೋರ ವ್ರತ ಯಾಕೆ ಮುರೀತೀಯೇ? ಒಲೆಗೆ ಹಾಕೇ ಅದನ್ನ" ಎಂದು ಅತ್ತಳು. ಲೆಕ್ಕ ತಿದ್ದಿದರೆ ಸುದ್ದಿ ನಾಳೆಯೇ ಬಸದಿಗೆ ಬರುತ್ತದೆ ಎಂದು ಅವಳ ಭಯ. ಅಪ್ಪ ವ್ರತ ಕೆಡಿಸಿಕೊಳ್ಳದೆ ಹೋದರು ಎನ್ನುವುದೊಂದೇ ಈಗ ಅವಳಿಗಿರುವ ಸಮಾಧಾನ.

ನಾನು ಒಲೆಗೆ ಹಾಕಲಿಲ್ಲ, ಅಕ್ಕಿ ಡಬ್ಬಿಯ ಕೆಳಗಿಟ್ಟಿದ್ದೇನೆ. ಎಲ್ಲಾ ಆದಾಯ ತೋರಿಸಿದ್ದೇವೆ ಎಂದು ನೀನು ಸಹಿ ಹಾಕಿದ್ದೀಯ. ಸುಮ್ಮನಿದ್ದರೆ ಆ ಸುಳ್ಳು ನಿನ್ನದಾಗುತ್ತದೆ. ಅಪ್ಪನ ಮರ್ಯಾದೆಯೋ, ನಿನ್ನ ಸಹಿಯೋ ಎಂದು ಎರಡು ದಿನದಿಂದ ನನಗೂ ನಿದ್ದೆಯಿಲ್ಲ.

ಹಬ್ಬ ಮುಗಿದು ಎಲ್ಲರಲ್ಲೂ ಕ್ಷಮೆ ಕೇಳುವ ದಿನ ನೀನಿಲ್ಲಿ ಇರುವುದಿಲ್ಲ. ಅದಕ್ಕೆ ಈಗಲೇ ಕೇಳುತ್ತಿದ್ದೇನೆ, ನನ್ನಿಂದ ತಪ್ಪಾಗಿದ್ದರೆ ಮನ್ನಿಸು. ಎದೆಗೆ ಶಾಲು ಸುತ್ತಿಕೊಂಡು ಮಲಗು.

ನಿನ್ನ ತಂಗಿ,
ತ್ರಿಶಲಾ

ಮರೆತಿದ್ದೆ ಅಂದುಕೊಳ್ಳಬೇಡ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ಗಂಗಾಧರಪ್ಪನವರು ಇನ್ನೂ ಒಂದು ಸಾಲು ಓದಿ ಹೇಳಿದ್ದರು. ಠೇವಣಿಯಲ್ಲಿ ಅಪ್ಪನ ಹೆಸರಿನ ಜೊತೆ ನನ್ನ ಹೆಸರೂ ಇದೆ. ಹೆಣ್ಣು ನೋಡಲು ಬಂದ ಗೆಂಡೆಹಳ್ಳಿಯವರು ನನ್ನ ಕುಂಟು ಕಾಲು ನೋಡಿ ಕಾಫಿಯನ್ನೂ ಮುಟ್ಟದೆ ಎದ್ದುಹೋದರಲ್ಲ, ಆ ವಾರದಲ್ಲೇ ಇಟ್ಟದ್ದು. ಅಪ್ಪ ವ್ರತ ಮುರಿದದ್ದು ನನಗಾಗಿ. ಅದನ್ನು ಮುಚ್ಚಿಟ್ಟುಕೊಂಡು ನಾನು ಉಣ್ಣಲಾರೆ. ಗಂಗಾಧರಪ್ಪನವರಿಂದ ತಂದ ತಿದ್ದುಪಡಿಯ ಫಾರಂ ಈ ಕಾಗದದ ಜೊತೆಗಿದೆ, ಸಹಿ ಹಾಕಿ ಕಳಿಸು. ಅಮ್ಮನಿಗೆ ನಾನೇ ಹೇಳುತ್ತೇನೆ. ಮೊದಲು ಅವಳ ಒಪ್ಪತ್ತು ಮುಗಿಯಲಿ.