ಹಗೂರ ಎಂಬ ಗೆರೆ

ಪ್ರೀತಿಯ ಕಾಕಾ,

ನಿನ್ನೆ ಮೀಟಿಂಗಿನಲ್ಲಿ ಜಗಳ ಮಾಡಿದೆ. ಸಣ್ಣ ಜಗಳವಲ್ಲ. ಚಹಾ ತಂದವನು ಗಾಜಿನ ಬಾಗಿಲಾಚೆ ಟ್ರೇ ಹಿಡಿದುಕೊಂಡು ನಿಂತೇಬಿಟ್ಟ, ಒಳಗೆ ಬರಲೋ ಬೇಡವೋ ಎಂದು. ನೀವಿದ್ದಿದ್ದರೆ "ಹಗೂರ ಮಾತಾಡ ತಂಗಿ, ಮಂದಿ ಕೇಳತಾರ" ಅನ್ನುತ್ತಿದ್ದಿರಿ. ಕೇಳಲಿ ಅಂತಲೇ ಕೂಗಿದ್ದು. ನೀವು ಹೋಗಿ ಒಂದು ವರ್ಷವೂ ಆಗಿಲ್ಲ, ಅಷ್ಟರಲ್ಲಿ ಕಾರಿನ ಮೈಮೇಲೆ ನೀವು ಎಳೆದ ಗೆರೆಗೆ ಬೇರೆ ಅಪ್ಪ ಹುಟ್ಟಿಕೊಂಡರೆ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕಿತ್ತೇ?

ನವಿ ಮುಂಬಯಿಯ ತುರ್ಭೆಯ ಶೆಡ್ಡಿಗೆ ನಾನು ಬಂದ ಮೊದಲ ವಾರ ನಿಮಗೆ ನೆನಪಿರಲೇಬೇಕು. ಆಗ ಕಂಪನಿ ಮಾಡುತ್ತಿದ್ದದ್ದು ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ತಗಡಿನಲ್ಲಿ ಮಾಡುವ ಮೊದಲು ಅಷ್ಟೇ ದೊಡ್ಡ ಕಾರನ್ನು ಮಣ್ಣಿನಲ್ಲಿ ಮಾಡಿ ನೋಡುತ್ತಿದ್ದರು, ಆ ಮಣ್ಣಿನ ಕೆಲಸಕ್ಕೆ ನೀವು ಹಿರಿಯರು. ನೀವು ಬಾಗಲಕೋಟೆ ಕಡೆಯವರು ಎಂದು ಗೊತ್ತಾದಾಗ ನನಗೆ ಹೋದ ಜೀವ ಬಂದಂತಾಗಿತ್ತು. ನಾನು ಡೊಂಬಿವಿಲಿಯಲ್ಲಿ ಹುಟ್ಟಿದವಳು, ಮನೆಯಲ್ಲಿ ತುಳು, ಕನ್ನಡವೆಂದರೆ ಶಾಲೆಯ ಪುಸ್ತಕದ್ದು. ನೀವು ನನ್ನ ಕೈಗೆ ಮಣ್ಣು ಕೆರೆಯುವ ಹಲ್ಲಿನ ಪಟ್ಟಿ ಕೊಟ್ಟು, ಕಾರಿನ ಬಾಗಿಲ ಹಿಂದಿನ ಜಾಗ ತೋರಿಸಿ, "ಇಲ್ಲಿ ಹಗೂರ ಮಾಡ" ಎಂದು ಹೇಳಿ ಊಟಕ್ಕೆ ಹೋದಿರಿ. ಹಗುರ! ನಮ್ಮಲ್ಲಿ ಹಗುರ ಎಂದರೆ ಭಾರ ಇಲ್ಲದ್ದು. ಓಡುವ ಕಾರಲ್ಲವೇ, ತೂಕ ಇಳಿಸಲು ಹೇಳಿದ್ದಾರೆ ಎಂದುಕೊಂಡು ಕೆರೆದೆ ನೋಡಿ, ಕೆರೆದೇ ಕೆರೆದೆ. ನೀವು ಕೈ ತೊಳೆದು ಬರುವಷ್ಟರಲ್ಲಿ ಅಲ್ಲಿ ಅಂಗೈ ಮುಳುಗುವಷ್ಟು ತಗ್ಗು.

ಆಗಿನ ನಿಮ್ಮ ಮುಖ! "ಏನ್ ಮಾಡೀ ಯವ್ವಾ ಇದು? ನಾಯಿ ಕೆದರಿದಂಗ ಆಗೇತಲ್ಲ!"

"ನೀವೇ ಹೇಳಿದ್ದಲ್ವ ಮಾರಾಯ್ರೆ, ಹಗುರ ಮಾಡು ಅಂತ. ಮಾಡಿದೆ."

ನೀವು ಸ್ಟೂಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. "ಹಗೂರ ಅಂದ್ರ ಸಾವಕಾಶ, ತಂಗಿ! ಮೆತ್ತಗ ಕೆರೀ ಅಂದಿದ್ದೆ!" ಶೆಡ್ಡಿನ ಮರಾಠಿ ಹುಡುಗರೂ ನಕ್ಕರು, ಆದರೆ ಅವರ ಕಾರಣ ಬೇರೆ. ಆ ಶಬ್ದದ ಮೊದಲೆರಡು ಅಕ್ಷರಕ್ಕೆ ಅವರ ಭಾಷೆಯಲ್ಲಿರುವ ಅರ್ಥ ಪಾಯಿಖಾನೆಯದು, ಊಟದ ಹೊತ್ತಿಗೆ ಹೇಳುವಂತಿಲ್ಲ.

ಅಷ್ಟರಲ್ಲಿ ಡಿಸೈನಿನ ದೊಡ್ಡ ಸಾಹೇಬರು ಬಂದು, ಯಾರ ಕೆಲಸ ಇದು ಎಂದರು. "ಯೇ ಕಿಸ್‌ನೇ ಕಿಯಾ?" ನಾನು ಪಟ್ಟಿಯನ್ನು ಬೆನ್ನ ಹಿಂದೆ ಅಡಗಿಸಿದೆ. ಕೆಲಸಕ್ಕೆ ಸೇರಿ ಐದು ದಿನವೂ ಆಗಿರಲಿಲ್ಲ. ನೀವು ನಗು ನುಂಗಿ ಎದ್ದು ನಿಂತಿರಿ. "ಮೈನೇ ಬೋಲಾ ಥಾ, ಸಾಬ್." ಸುಳ್ಳಲ್ಲ, ಹೇಳಿದ್ದು ನೀವೇ ತಾನೇ! ಸಾಹೇಬರು ಮೂರು ಸುತ್ತು ಹಾಕಿದರು. ತೆರೆದ ಶಟರಿನಿಂದ ಬಂದ ಬಿಸಿಲು ಆ ತಗ್ಗಿನಲ್ಲಿ ತುಂಬಿತ್ತು, ನಿಂತಿದ್ದ ಕಾರು ಓಡುತ್ತಿರುವ ಹಾಗೆ ಕಂಡಿತು. "ರಹನೇ ದೋ", ಹಾಗೇ ಇರಲಿ ಬಿಡಿ, ಎಂದು ಹೊರಟುಹೋದರು. ಮುಂದಿನ ಒಂದು ವಾರ ನೀವು ನನ್ನ ಆ ಗುಂಡಿಯನ್ನು ತಿದ್ದಿದಿರಿ. ಮೇಲಂಚಿಗೆ ಚೂಪಾದ ಗೆರೆ ಎಳೆದಿರಿ, ಕೆಳಗೆ ಅದು ಎಲ್ಲಿ ಮುಗಿಯಿತೆಂದು ಗೊತ್ತಾಗದ ಹಾಗೆ ಕರಗಿಸಿದಿರಿ. ಅದೇ ಬಾಗಿಗೆ ಹೊಂದುವ ಅಲ್ಯುಮಿನಿಯಂ ಹಾಳೆಯ ಟೆಂಪ್ಲೇಟ್, ಅಂದರೆ ಅಳತೆಯ ಪಟ್ಟಿ, ಕತ್ತರಿಸಿ, ಮೊಳೆಯಿಂದ ಅದರ ಮೇಲೆ ಕನ್ನಡದಲ್ಲಿ ಕೊರೆದಿರಿ: ಹಗೂರ. ಕೆಳಗೆ ನಿಮ್ಮ ಹೆಸರು, ಸಂಗಪ್ಪ ಕಮ್ಮಾರ. ಕಂಪನಿಯ ಕಾರ್ಡಿನಲ್ಲಿ ಇಂಗ್ಲಿಷಿನ ಒಂದು ಎಮ್ ಬಿಟ್ಟು ನಿಮ್ಮನ್ನು ಕಮರ್ ಮಾಡಿದ್ದರು, ಹಿಂದಿಯ ಸೊಂಟ! ತಿದ್ದಿಸಿ ಅಂದರೆ "ಸೊಂಟ ಗಟ್ಟಿ ಐತಲ್ಲ, ಸಾಕು ಬಿಡ" ಅನ್ನುತ್ತಿದ್ದಿರಿ. ಅದೇ ಸಿಟ್ಟು ನನಗೆ ನಿಮ್ಮ ಮೇಲೆ.

ಆ ಕಾರು ನಿಜವಾಗಿ ಓಡಿದ್ದನ್ನು ನಾವು ನೋಡಿದೆವು. ಕಂಪನಿಯ ಅಂಗಳದಲ್ಲಿ ಡ್ರೈವರ್ ಪಕ್ಕ ನೀವು, ಮದುಮಗನಂತೆ ನೆಟ್ಟಗೆ ಕೂತು ಎರಡು ಸುತ್ತು. ಆಮೇಲೆ ಒಂದು ಸೋಮವಾರ ನೋಟಿಸ್. ಪ್ರಾಜೆಕ್ಟ್ ಬಂದ್, ಇಂಥ ಗಾಡಿ ಕೊಳ್ಳುವವರಿಲ್ಲ. ಮೂರು ವರ್ಷದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಕತ್ತರಿಸಿ ಲಾರಿಗೆ ಹಾಕಿದರು. ನಾನು ಅತ್ತೆ, ನೀವು ಅಳಲಿಲ್ಲ. ಗುಜರಿಯ ರಾಶಿಗೆ ಬಿದ್ದಿದ್ದ ಟೆಂಪ್ಲೇಟನ್ನು ಎತ್ತಿ ಗೋಡೆಯ ಮೊಳೆಗೆ ತೂಗುಹಾಕಿದಿರಿ. "ಅಳತಿ ಪಟ್ಟಿ ಅದು. ಅದನ್ಯಾಕ ಒಗೀತೀರಿ?" ಎಂದಿರಿ, ಏನೂ ಗೊತ್ತಿಲ್ಲದವರ ಹಾಗೆ.

ಮುಂದೆ ಸಣ್ಣ ಕಾರು ಬಂತು. ಅದರ ಬಾಗಿಲು ಬಿಸ್ಕತ್ತಿನ ಡಬ್ಬಿಯಂತಿದೆ ಎಂದು ಸಾಹೇಬರು ತಲೆ ಕೆರೆದುಕೊಳ್ಳುತ್ತಿದ್ದಾಗ ನೀವು ಸುಮ್ಮನೆ ಹೋಗಿ ಗೋಡೆಯಿಂದ ಟೆಂಪ್ಲೇಟ್ ಇಳಿಸಿದಿರಿ. ಅದರ ನಂತರದ ಏಳು ಸೀಟಿನ ಗಾಡಿಗೂ ಅದೇ. ಇವತ್ತು ಕಲ್ಯಾಣ್ ಸ್ಟೇಷನ್ನಿನ ಹೊರಗೆ ಸಾಲಾಗಿ ನಿಂತ ಟ್ಯಾಕ್ಸಿಗಳನ್ನು ನೋಡಿದರೆ ಅರ್ಧದಷ್ಟಕ್ಕೆ ಬಾಗಿಲ ಹಿಂದೆ ನನ್ನ ಗುಂಡಿ, ನಿಮ್ಮ ಗೆರೆ. ಡ್ರೈವರುಗಳು ಅದಕ್ಕೆ ಕೈಯೂರಿ ನಿಂತು ಹರಟೆ ಹೊಡೆಯುತ್ತಾರೆ. ಸತ್ತ ಕಾರಂತೆ! ಯಾರು ಹೇಳಿದ್ದು?

ಟಿಟ್ವಾಳಾದ ನಿಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ ನಿಮ್ಮ ಹೆಂಡತಿ, ನಮ್ಮ ಕಾಕು, ಒಂದೇ ಮಾತು ಆಡುತ್ತಿದ್ದರು. "ನಿಮ್ಮ ಕಾಕಾ ಮೂರು ವರ್ಷ ಮಣ್ಣಾಗ ಹಾಕಿದ್ರು ನೋಡವ್ವ. ಬೆಳಕ ಹರಿಯೂದ್ರಾಗ ಲೋಕಲ್ ಗಾಡಿ ಹಿಡಿದು ಹೋಗತಿದ್ರು, ಕೈಯಾಗ ಏನ ಬಂತು?" ನೀವು ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದಿರಿ. ಯಾಕೆ ಕಾಕಾ? ಕಿಟಕಿಯಿಂದ ಕೆಳಗೆ ನಿಂತ ಕಾರು ತೋರಿಸಿ, ಅಕಾ ಅಲ್ಲಿ ಐತಿ ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಆಸ್ಪತ್ರೆಗೆ ಕೊನೆಯ ಸಲ ಬಂದಾಗ ಇದನ್ನೇ ಕೇಳಬೇಕೆಂದಿದ್ದೆ, ಆದರೆ ನಿಮ್ಮ ಮುಖಕ್ಕೆ ಆ ಮಾಸ್ಕ್ ಹಾಕಿದ್ದರು, ಆಮೇಲೆ...

ಇರಲಿ. ನಿನ್ನೆಯ ವಿಷಯಕ್ಕೆ ಬರುತ್ತೇನೆ. ಹೊಸ ಎಲೆಕ್ಟ್ರಿಕ್ ಕಾರಿಗೂ ಅದೇ ಗೆರೆ ಬಂದಿದೆ. ಅದರ ಚರಿತ್ರೆ ಹೇಳುವ ಪರದೆಯ ಮೇಲೆ ಏನು ಬರೆದಿದ್ದರು ಗೊತ್ತೇ? ಹೊರದೇಶದ ಸ್ಟುಡಿಯೊ ಒಂದು ಕೊಟ್ಟ ಗೆರೆಯಂತೆ! ನಾನು ಎದ್ದು ನಿಂತು, ಇದು ಬಂದಾದ ಸ್ಪೋರ್ಟ್ಸ್ ಕಾರಿನದು, ಸಂಗಪ್ಪ ಕಮ್ಮಾರರದು ಎಂದೆ. ಈಗಿನ ಸಾಹೇಬರು ಬಹಳ ನಯವಂತರು, ತಯಾರೇ ಆಗದ ಗಾಡಿಗೆ ಚರಿತ್ರೆ ಎಲ್ಲಿಂದ ಬಂತು ಎಂದು ಮೆತ್ತಗೆ ಕೇಳಿದರು. "ಮೇಡಮ್, ಜೋ ಗಾಡಿ ಬನೀ ಹೀ ನಹೀಂ, ಉಸ್‌ಕೀ ಹಿಸ್ಟರಿ ಕೈಸೀ?"

"ಬನೀ ಥೀ!" ಎಂದು ಕೂಗಿ ಶೆಡ್ಡಿಗೆ ಓಡಿದೆ. ಟೆಂಪ್ಲೇಟ್ ತಂದು ಮೇಜಿನ ಮೇಲಿದ್ದ ನಕ್ಷೆಯ ಮೇಲಿಟ್ಟೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದರ ಮೇಲೆ ಕೊರೆದದ್ದನ್ನು ಓದಬಲ್ಲವರು ಅಲ್ಲಿ ನನ್ನ ಬಿಟ್ಟರೆ ಯಾರೂ ಇರಲಿಲ್ಲ, ನಾನೇ ಗಟ್ಟಿಯಾಗಿ ಓದಿದೆ. ಮರಾಠಿಯವರು ಕಿಸಕ್ಕೆಂದರು. ಈಗ ಮಣ್ಣಿನ ಶೆಡ್ಡಿಗೆ ನಾನು ಮುಖ್ಯಸ್ಥೆಯಲ್ಲವೇ, ನನ್ನ ಸಹಿ ಇಲ್ಲದೆ ನಕ್ಷೆ ತಗಡು ಒತ್ತುವ ಅಚ್ಚಿಗೆ ಹೋಗುವುದಿಲ್ಲ. ಗೆರೆಯ ಹೆಸರು, ಮಾಡಿದವರ ಹೆಸರು ಎರಡೂ ನಕ್ಷೆಯಲ್ಲಿ ಬಾರದೆ ಸಹಿ ಹಾಕುವುದಿಲ್ಲ ಎಂದೆ. ನನ್ನ ಪ್ರಮೋಷನ್ ಕಾಗದ ಇನ್ನೂ ತಮ್ಮ ಮೇಜಿನ ಮೇಲೇ ಇದೆ ಎಂದು ಸಾಹೇಬರು ಮೆಲ್ಲಗೆ ನೆನಪಿಸಿದರು. ಅಲ್ಲೇ ಇರಲಿ, ಗಾಳಿಗೆ ಹಾರದ ಹಾಗೆ ಏನಾದರೂ ಭಾರ ಇಡಿ ಎಂದೆ. ಹೆಸರೇನೋ ಹಾಕಬಹುದು, ಆದರೆ ಹಗೂರ ಎಂದು ಬರೆದರೆ ಇಡೀ ಫ್ಯಾಕ್ಟರಿ ನಗುತ್ತದೆ ಎಂದು ಕೊನೆಯ ತಕರಾರು ತೆಗೆದರು.

"ಹಸೇಂಗೇ ತೋ ಯಾದ್ ರಖೇಂಗೇ, ಸರ್." ನಕ್ಕವರು ನೆನಪನ್ನೂ ಇಡುತ್ತಾರೆ ಎಂದೆ.

ಇವತ್ತು ಬೆಳಿಗ್ಗೆ ತಿದ್ದಿದ ನಕ್ಷೆ ಬಂತು. ಎರಡೂ ಹೆಸರು ಇವೆ. ಸಹಿ ಹಾಕಿದೆ. ಪ್ರಮೋಷನ್ ಕಾಗದ ಬೇರೆಯವರ ಮೇಜಿಗೆ ಹೋಯಿತಂತೆ, ಹೋಗಲಿ. ಊಟದ ಹೊತ್ತಿಗೆ ಅಚ್ಚಿನ ವಿಭಾಗದಿಂದ ಫೋನ್ ಬಂತು, "ಮೇಡಮ್, ಹಗೂರಾ ಕಾ ಫೈಲ್ ಭೇಜೋ" ಎಂದು. ಹೇಳಿದವನು ನಗಲಿಲ್ಲ. ನಾನು ಶೌಚಾಲಯಕ್ಕೆ ಹೋಗಿ ಹತ್ತು ನಿಮಿಷ ಅತ್ತು ಬಂದೆ.

ಆಮೇಲೆ ಕಾಕುಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮೊದಲ ಕಾರು ಹೊರಬಂದ ದಿನ ಅವರ ಕಟ್ಟಡದ ಕೆಳಗೆ ತಂದು ನಿಲ್ಲಿಸುತ್ತೇನೆ, ಅವರ ಕೈ ಹಿಡಿದು ಆ ತಗ್ಗಿನಲ್ಲಿ ಇಡಿಸುತ್ತೇನೆ ಎಂದೆ. "ಹಂಗಾರ ಮಣ್ಣಾಗ ಹೋಗಲಿಲ್ಲೇನವ್ವ ಅದು?" ಎಂದರು. ಇಲ್ಲ ಕಾಕು ಎಂದೆ. ಮೂಗು ಒರೆಸಿಕೊಂಡದ್ದು ಕೇಳಿಸಿತು. "ಹೆಸರು ಸರಿ ಬರದಾರೇನ ನೋಡ. ಇದ್ದಾಗ ಒಬ್ಬರೂ ಸರಿ ಬರೀಲಿಲ್ಲ."

ಫೋನ್ ಹಿಡಿದುಕೊಂಡೇ ನಕ್ಷೆ ಮತ್ತೆ ತೆರೆದು, ಒಂದೊಂದೇ ಅಕ್ಷರ ಅವರಿಗೆ ಓದಿ ಹೇಳಿದೆ. ಎರಡು ಎಮ್ ಇವೆ, ಕಾಕಾ. ಅದರಲ್ಲಿ ಒಂದನ್ನು ತೆಗೆಯಲು ಇನ್ನು ಯಾರಾದರೂ ಬರಲಿ. ಅವರ ಜೊತೆ ನಾನು ಹಗೂರ ಮಾತಾಡುವುದಿಲ್ಲ.

ನಿಮ್ಮ ತಂಗಿ