ಕಣ್ಣು ಬಿಟ್ಟು ಬಂದ ಹಲಗೆ

ಶುವೈಖ್, ಕುವೈತ್, 14-2-1998

ದೊಡ್ಡಪ್ಪನಿಗೆ ನಿಮ್ಮ ಯಶೋಧರನ ನಮಸ್ಕಾರ.

ನಮ್ಮ ಮರಗೆಲಸದ ಶೆಡ್ಡಿಗೆ ಕೆನಡಾದ ಮೇಪಲ್ ಮರ ಬಂದಿದೆ. ಕೆಂಪು ಮೇಪಲ್, ಸಿಲ್ವರ್ ಮೇಪಲ್ ಮೆತ್ತಗಿನವು, ಉಳಿ ಸಲೀಸಾಗಿ ಇಳಿಯುತ್ತದೆ. ಶುಗರ್ ಮೇಪಲ್ ಮಾತ್ರ ನಮ್ಮ ಸಾಗುವಾನಿಗಿಂತ ಗಟ್ಟಿ, ಬಣ್ಣ ಹಾಲಿನ ಕೆನೆಯದು. ಆ ಜಾತಿಯದೇ ಒಂದು ಹಲಗೆಯ ತುಂಬ ಕಣ್ಣುಗಳಿವೆ. ಗಂಟಲ್ಲ ದೊಡ್ಡಪ್ಪ, ರೆಪ್ಪೆ, ಪಾಪೆ ಎಲ್ಲ ಇರುವ ನೂರಾರು ಸಣ್ಣ ಕಣ್ಣುಗಳು.

ಗುಡಿಯ ಭೂತದ ಮೂರ್ತಿ ಕೆತ್ತುವಾಗ ನೀವು ಕೊಟ್ಟಕೊನೆಗೆ ಕಣ್ಣು ಬಿಡಿಸುತ್ತೀರಿ. ಬಿಡಿಸಿದ ಮೇಲೆ ಉಳಿ ತಾಗಿಸಬಾರದೆಂದು ಕಲಿಸಿದವರೂ ನೀವೇ. ಇದು ಕಣ್ಣು ಬಿಟ್ಟೇ ಬಂದಿದೆ. ನಾನು ಹಿಂದೆ ಸರಿದದ್ದು ನೋಡಿ ಮೇಸ್ತ್ರಿ, ಉಳ್ಳಾಲದ ಸಫೀರ್, "ಎಂತ ಮಾರಾಯ್ರೆ, ಮರಕ್ಕೆಲ್ಲ ಹೆದರುವುದಾ? ಜಹ್ರಾದ ಗಿರಾಕಿಯ ಮಂಚಕ್ಕೆ ತಲೆ ಕಡೆ ಇಡುವ ಹಲಗೆ ಅದು, ನಾಳೆಗೆ ಬೇಕು. ಯಲ್ಲಾ, ಬೇಗ!" ಎಂದು ನಕ್ಕ.

ಕಣ್ಣು ಅಳಿಸಿಹೋಗಲಿ ಎಂದು ಕೀಸುಳಿ ಹಿಡಿದು ಕೀಸಿದೆ. ಒಂದು ಪದರ ಹೋದರೆ ಅಡಿಯಲ್ಲಿ ಅದೇ ಕಣ್ಣು. ಇನ್ನೊಂದು ಪದರ ತೆಗೆದೆ, ಮತ್ತೆ ಅದೇ. ಸಫೀರನ ನಗು ನಿಂತಿತು. ಮಂಚವಂತೂ ಆ ಕಣ್ಣುಗಳ ಸಮೇತ ಹೇಳಿದ ದಿನಕ್ಕೆ ಹೋಯಿತು.

ಇಲ್ಲಿ ಇರುವ ಪರವಾನಗಿ, ಇಕಾಮಾ, ರಿನ್ಯೂ ಆಗಿದೆ, ನನ್ನ ಕೆಮ್ಮು ಕಡಿಮೆ ಎಂದು ಅಮ್ಮನಿಗೆ ಹೇಳಿ. ಆ ಹಲಗೆಯಲ್ಲಿ ಮಿಕ್ಕಿದ ಒಂದು ತುಂಡನ್ನು ಕಸಕ್ಕೆ ಎಸೆಯಲು ಕೈ ಬರಲಿಲ್ಲ, ಬಟ್ಟೆ ಸುತ್ತಿ ನನ್ನ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅದರಲ್ಲಿರುವುದು ಎರಡೇ ಕಣ್ಣು. ಕಾರ್ಡಿನಲ್ಲಿ ಜಾಗ ಮುಗಿಯಿತು. ಬಿಡಿಸಿದ ಕಣ್ಣು ಮುಚ್ಚಿಸುವ ಕ್ರಮ ಏನಾದರೂ ಇದ್ದರೆ ಬೇಗ ಬರೆಯಿರಿ.

ಯಶೋಧರ